ಎಫ್‌ಟಿ1 ಆಟಗಾರನನ್ನು ಗೋಲಿನಿಂದ ತೆಗೆದು ಮುಂದೆ ಆಡಿಸಿದೆ: ನನ್ನ ಅನುಭವ

ಸಿಪಿ ಫುಟ್‌ಬಾಲ್ ಅಂದರೆ ಸೆರೆಬ್ರಲ್ ಪಾಲ್ಸಿಯಂಥ, ಮೆದುಳಿನ ತೊಂದರೆಯಿಂದ ಕೈಕಾಲು ಬಿಗಿಯುವ ಸ್ಥಿತಿ ಇರುವವರ ಫುಟ್‌ಬಾಲ್. ಅದರ ತಂಡ ನಡೆಸುವವರಿಗೆ ಈ ಲೆಕ್ಕ ಬಾಯಿಪಾಠ. ಮೈದಾನದಲ್ಲಿ ಏಳು ಜನ. ತೊಂದರೆ ಎಷ್ಟು ಅಂತ ನೋಡಿ ಆಟಗಾರರನ್ನು ಮೂರು ವರ್ಗ ಮಾಡುತ್ತಾರೆ: ಎಫ್‌ಟಿ1 ಅಂದರೆ ತೊಂದರೆ ಅತಿ ಹೆಚ್ಚು, ಎಫ್‌ಟಿ2 ನಡುವಿನದು, ಎಫ್‌ಟಿ3 ಅತಿ ಕಡಿಮೆ. ಏಳು ಜನರಲ್ಲಿ ಒಬ್ಬನಾದರೂ ಎಫ್‌ಟಿ1 ಇರಲೇಬೇಕು. ಎಫ್‌ಟಿ3 ಒಬ್ಬನಿಗಿಂತ ಜಾಸ್ತಿ ಇರುವ ಹಾಗಿಲ್ಲ. ಅದಕ್ಕೇ ಎಷ್ಟೋ ಕೋಚ್‌ಗಳು ಎಫ್‌ಟಿ1 ಆಟಗಾರನ ಕೈಗೆ ಗ್ಲೌಸ್ ಕೊಟ್ಟು ಗೋಲಿನಲ್ಲಿ ನಿಲ್ಲಿಸಿಬಿಡುತ್ತಾರೆ. ಓಟ ಕಡಿಮೆ, ನಿಯಮಕ್ಕೂ ಸರಿ. ನಾಲ್ಕು ವರ್ಗ ಇದ್ದ ಕಾಲದಿಂದ ಹೀಗೇ ನಡೆದಿತ್ತು. 2018ರಲ್ಲಿ ವರ್ಗಗಳು ಮೂರಾದವು, ಅಭ್ಯಾಸ ಹಾಗೇ ಉಳಿಯಿತು.

ನಾನು ನಮ್ಮ ಎಫ್‌ಟಿ1 ಹುಡುಗನನ್ನು ಗೋಲಿನಿಂದ ತೆಗೆದು ಎದುರಾಳಿಯ ಗೋಲಿನ ಮುಂದೆ ನಿಲ್ಲಿಸಿದೆ. ಸ್ಟ್ರೈಕರ್ ಆಗಿ. 'ಏಳು ಜನರ ಆಟವನ್ನ ಆರು ಜನ ಆಡ್ತೀರಾ?' ಅಂತ ಕೇಳದವರಿಲ್ಲ. ಈ ಸಲದ ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಅದು ಫಲ ಕೊಟ್ಟಿತು. ಹಿಂದಿನ ಸಲ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ ಈ ಸಲ ಎರಡು ಪಂದ್ಯ ಗೆದ್ದು ಒಂದನ್ನು ಡ್ರಾ ಮಾಡಿಕೊಂಡಿತು. ನಾವು ಹೊಡೆದದ್ದು ಒಂಬತ್ತೋ ಹತ್ತೋ ಗೋಲು. ಅವುಗಳಲ್ಲಿ ಆರಕ್ಕಾದರೂ ಚೆಂಡು ಅವನ ಕಾಲು ಮುಟ್ಟಿಯೇ ಹೋಗಿದೆ. ಅಲ್ಲಿಂದ ಬಂದ ಮೇಲೆ ಬೇರೆ ತಂಡಗಳ ಕೋಚ್‌ಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿದ ಹಾಗಾಗಲಿ ಅಂತ ಬರೆಯುತ್ತಿದ್ದೇನೆ.

ಇದು ಹೊಳೆದದ್ದು ಸೋತು ಸೋತು. 2016ರ ರಿಯೋ ಪ್ಯಾರಾಲಿಂಪಿಕ್ಸ್ ಫೈನಲ್ ಆಡಿದ್ದು ಉಕ್ರೇನ್ ಮತ್ತು ಇರಾನ್. ಉಕ್ರೇನ್ ಗೆದ್ದಿತು. ಆ ಎರಡು ತಂಡಗಳ ವಿಡಿಯೋ ಹಾಕಿಕೊಂಡು ನಾವೆಲ್ಲ ಅದೇ ಓಟ, ಅದೇ ಒತ್ತಡ ಕಲಿಸಲು ನೋಡಿದೆವು, ಅಲ್ವಾ? ನನ್ನ ಹುಡುಗರಲ್ಲಿ ಆ ವೇಗ ಇಲ್ಲ. ಅರ್ಧ ಗಂಟೆಯ ಮೊದಲ ಅವಧಿ ಮುಗಿಯುವಷ್ಟರಲ್ಲಿ ಕಾಲುಗಳು ಬಿಗಿಯಾಗಿಬಿಡುತ್ತಿದ್ದವು. ಆಗ ನಿಯಮದ ಪುಸ್ತಕದಲ್ಲೇ ಇದ್ದ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಆಟದಲ್ಲಿ ಆಫ್‌ಸೈಡ್ ಇಲ್ಲ. ಅಂದಮೇಲೆ ಓಡಲಾಗದವನು ಓಡಬೇಕಾಗಿಯೇ ಇಲ್ಲ. ಅವನು ಮೊದಲೇ ಅಲ್ಲಿ ಹೋಗಿ ನಿಂತಿರಬಹುದು. ಎದುರಾಳಿ ಒಬ್ಬನನ್ನಾದರೂ ಅವನ ಪಕ್ಕ ಬಿಟ್ಟೇ ಹೋಗಬೇಕು. ಎಪ್ಪತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಮೈದಾನದಲ್ಲಿ ಒಬ್ಬ ಡಿಫೆಂಡರ್ ಒಂದೇ ಜಾಗದಲ್ಲಿ ಕಟ್ಟಿಬಿದ್ದರೆ ಉಳಿದವರಿಗೆ ಎಷ್ಟು ಜಾಗ ಸಿಗುತ್ತದೆ ಅಂತ ನಿಮಗೇ ಗೊತ್ತು.

ಹಾಗಂತ ಮೊದಲಿಗೇ ಅಲ್ಲಿ ನಿಲ್ಲಿಸಲಿಲ್ಲ. ಎಡ ವಿಂಗ್‌ನಲ್ಲಿ ಹಾಕಿ ನೋಡಿದೆ. ಚೆಂಡೇ ಬರಲಿಲ್ಲ. ಹಿಂದೆ, ಗೋಲ್‌ಕೀಪರ್ ಮುಂದೆ ಸ್ವೀಪರ್ ಆಗಿ ಹಾಕಿದೆ. ಎರಡೂ ಕಡೆಯಿಂದ ದಾಟಿಕೊಂಡು ಹೋದರು. ಆಮೇಲೆ ಮುಂದೆ ಹಾಕಿದಾಗಲೂ ಮೊದಲ ತಿಂಗಳುಗಳು ಕಷ್ಟದವು. ಒಂದು ಸ್ನೇಹ ಪಂದ್ಯದಲ್ಲಿ ಏಳೋ ಎಂಟೋ ಗೋಲು ತಿಂದೆವು, ಒಂದೂ ಹೊಡೆಯಲಿಲ್ಲ. ದುಡ್ಡು ಕೊಡುತ್ತಿದ್ದವರಲ್ಲಿ ಒಬ್ಬರು ಅದನ್ನು ನೋಡಲು ಬಂದಿದ್ದರು. ಮರುವಾರ ಫೋನ್ ಎತ್ತಲಿಲ್ಲ. ಆ ವರ್ಷದ ಬಜೆಟ್ಟಿನ ಮೂರನೇ ಒಂದು ಭಾಗ ಹಾಗೆ ಹೋಯಿತು.

ಕೆಟ್ಟದ್ದು ಎಲ್ಲಿ ಅಂತ ವಿಡಿಯೋ ನೋಡಿದಾಗ ಗೊತ್ತಾಯಿತು. ಹುಡುಗರು ಅವನ ಮುಂದಕ್ಕೆ ಪಾಸ್ ಕೊಡುತ್ತಿದ್ದರು, ಓಡಿ ತಗೊಳ್ಳಲಿ ಅಂತ. ಅವನದು ಎರಡೂ ಕಾಲಿನ ಬಿಗಿತ. ಮೊಣಕಾಲುಗಳು ಒಳಗೆ ತಾಗುತ್ತವೆ, ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಚೆಂಡು ಒಂದು ಗಜ ಆಚೆ ಹೋದರೂ ಅದು ಅವನದಲ್ಲ. ಆದರೆ ಕಾಲಿಗೇ ಬಂದ ಚೆಂಡನ್ನು ಅವನಷ್ಟು ಚೆನ್ನಾಗಿ ವಾಪಸ್ ತಳ್ಳುವವರು ನಮ್ಮಲ್ಲಿ ಇಲ್ಲ. ಸೊಂಟದಿಂದ ಮೇಲೆ ಒಳ್ಳೆಯ ಬಲ. ಡಿಫೆಂಡರ್ ಬೆನ್ನಿಗೆ ಒರಗಿದರೂ ನೆಟ್ಟ ಕಂಬದ ಹಾಗೆ ನಿಲ್ಲುತ್ತಾನೆ.

ಹಾಗಾಗಿ ತರಬೇತಿಯನ್ನೇ ತಿರುಗಿಸಿದೆ. ಅವನಿಗೆ ಕಲಿಸುವುದು ಬಿಟ್ಟು ಉಳಿದ ಐದು ಜನರಿಗೆ ಕಲಿಸಿದೆ. ಪಾಸ್ ನೆಲಕ್ಕೆ ಅಂಟಿಕೊಂಡೇ ಬರಬೇಕು. ಅವನ ಬಲಗಾಲಿಗೇ ಬರಬೇಕು. ಕೊಟ್ಟವನು ನಿಲ್ಲಬಾರದು, ಕೊಟ್ಟ ಗಳಿಗೆಯಲ್ಲೇ ಅವನನ್ನು ದಾಟಿ ಓಡಬೇಕು. ಅವನು ಒಂದೇ ಟಚ್‌ನಲ್ಲಿ ತಳ್ಳುತ್ತಾನೆ. ಎರಡನೇ ಟಚ್ ಇಲ್ಲವೇ ಇಲ್ಲ. ಅಭ್ಯಾಸದಲ್ಲಿ ಅವನು ಎರಡನೇ ಸಲ ಚೆಂಡು ಮುಟ್ಟಿದರೆ ಶಿಕ್ಷೆ ಪಾಸ್ ಕೊಟ್ಟವನಿಗೆ. ಈ ನಿಯಮ ತಂದ ಮೇಲೆ ಆರೇಳು ವಾರದಲ್ಲಿ ಪಾಸ್‌ಗಳು ಸರಿಯಾದವು.

ಬಿದ್ದರೆ ಏಳುವುದಕ್ಕೂ ಸಮಯ ಕೊಟ್ಟೆವು. ಮೊದಲು ಎಂಟೊಂಬತ್ತು ಸೆಕೆಂಡ್ ಬೇಕಾಗುತ್ತಿತ್ತು. ನಮ್ಮ ಫಿಸಿಯೋ ಮೇಡಂ ಅದನ್ನು ಬಿಡಿಬಿಡಿಯಾಗಿ ಮಾಡಿಸಿದರು. ಮಗ್ಗುಲು, ಮೊಣಕೈ, ಒಂದು ಮೊಣಕಾಲು, ಆಮೇಲೆ ಎರಡೂ ಕೈ ಊರಿ ಎದ್ದು ನಿಲ್ಲು. ಈಗ ನಾಲ್ಕೈದು ಸೆಕೆಂಡಿನಲ್ಲಿ ಎದ್ದಿರುತ್ತಾನೆ. ಡಿಫೆಂಡರ್ ಅವನು ಬಿದ್ದ ಅಂತ ಬಿಟ್ಟು ಮುಂದೆ ಹೋಗಿರುತ್ತಾನೆ. ನಮ್ಮ ಒಂದು ಗೋಲು ಬಂದದ್ದೇ ಹಾಗೆ.

ಕಾರ್ನರ್ ಕಿಕ್‌ನಲ್ಲಿ ಅವನು ಎಲ್ಲಿ ನಿಲ್ಲುತ್ತಾನೆ ಅಂತ ಬಹಳ ಜನ ಕೇಳಿದರು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಟೂರ್ನಿ ಮುಗಿಯಲಿ.

ಗೋಲಿಗೆ ಯಾರು ಅನ್ನುವುದು ಮುಂದಿನ ಪ್ರಶ್ನೆ. ಎಫ್‌ಟಿ3 ಆಟಗಾರ ಒಬ್ಬನೇ, ಅವನನ್ನು ಅಲ್ಲಿ ಹಾಕಿದರೆ ನಷ್ಟ. ಎಡಭಾಗದ ಬಿಗಿತ ಇರುವ ಒಬ್ಬ ಎಫ್‌ಟಿ2 ಹುಡುಗನನ್ನು ನಿಲ್ಲಿಸಿದೆ. ಬಲಕ್ಕೆ ಅದ್ಭುತವಾಗಿ ಡೈವ್ ಮಾಡುತ್ತಾನೆ, ಎಡಕ್ಕೆ ಆಗುವುದಿಲ್ಲ. ನಮ್ಮ ಗೋಲಿನ ಅಗಲ ಐದು ಮೀಟರ್, ಎತ್ತರ ಎರಡು. ಅವನನ್ನು ಮಧ್ಯದಿಂದ ಒಂದು ಹೆಜ್ಜೆ ಎಡಕ್ಕೆ ನಿಲ್ಲಿಸಿದೆ. ಬಲಗಡೆ ದೊಡ್ಡ ಜಾಗ ಖಾಲಿ ಕಾಣುತ್ತದೆ. ಹೊಡೆಯುವವರು ಅಲ್ಲಿಗೇ ಹೊಡೆಯುತ್ತಾರೆ. ಅವನಿಗೆ ಬೇಕಾದದ್ದೂ ಅದೇ. ಎರಡನೇ ಪಂದ್ಯದ ಹೊತ್ತಿಗೆ ಒಂದು ತಂಡ ಇದನ್ನು ಹಿಡಿಯಿತು, ಎಡಕ್ಕೇ ಹೊಡೆದು ಎರಡು ಗೋಲು ತೆಗೆಯಿತು. ಆಮೇಲೆ ಪಂದ್ಯದ ನಡುವೆಯೇ ಜಾಗ ಬದಲಿಸುವುದನ್ನು ಕಲಿಸಬೇಕಾಯಿತು.

ಈಗ ದುಡ್ಡಿನ ಮಾತು. 2016ರ ನಂತರ ನಮ್ಮ ಆಟ ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲ. 1984ರಿಂದ ಇದ್ದದ್ದು, ಟೋಕಿಯೋ ಪಟ್ಟಿಯಿಂದ ಹೊರಗೆ ಹೋಯಿತು. ಪ್ರಾಯೋಜಕರು ಮೊದಲು ಕೇಳುವುದೇ ಅದನ್ನ. ಇಲ್ಲ ಅಂದ ಕೂಡಲೇ ಮಾತು ಮುಗಿಯುತ್ತದೆ. ಹಾಗಾಗಿ ಇದ್ದ ದುಡ್ಡಿನಲ್ಲೇ ಎಲ್ಲ. ಅರ್ಧಕ್ಕಿಂತ ಜಾಸ್ತಿ ವಿಮಾನದ ಟಿಕೆಟ್ಟಿಗೆ ಹೋಯಿತು, ಕಾಲು ಭಾಗದಷ್ಟು ಉಳಿಯುವುದಕ್ಕೆ ಮತ್ತು ಊಟಕ್ಕೆ. ಉಳಿದದ್ದರಲ್ಲಿ ದೊಡ್ಡ ಖರ್ಚು ಬೂಟು.

ಬೂಟಿನ ಕಷ್ಟ ನಮ್ಮವರಿಗೆ ಮಾತ್ರ ಅರ್ಥವಾಗುವುದು. ಒಂದೇ ಪಕ್ಕದ ಬಿಗಿತ ಇರುವವರಲ್ಲಿ ಎಷ್ಟೋ ಜನರಿಗೆ ಆ ಕಡೆಯ ಪಾದ ಚಿಕ್ಕದು. ಬಲಕ್ಕೆ 8 ಆದರೆ ಎಡಕ್ಕೆ 7. ಒಬ್ಬನಿಗೆ ಎರಡು ಜೊತೆ ತೆಗೆದು ಅರ್ಧ ಬಿಸಾಡುವುದು ವರ್ಷಗಟ್ಟಲೆ ನಡೆಯಿತು. ಆಮೇಲೆ ಎಲ್ಲರ ಪಾದ ಕಾಗದದ ಮೇಲೆ ಗೀಚಿ ಗೋಡೆಗೆ ಅಂಟಿಸಿದೆ. ಬಲ 8, ಎಡ 7 ಇರುವವನಿಗೆ ಬಲ 7, ಎಡ 8 ಇರುವವನನ್ನು ಜೋಡಿ ಮಾಡಿದೆ. 7ರ ಒಂದು ಜೊತೆ, 8ರ ಒಂದು ಜೊತೆ ತಂದರೆ ಇಬ್ಬರಿಗೂ ಆಯಿತು. ನಮ್ಮಲ್ಲಿ ಹೀಗೆ ಮೂರು ಜೋಡಿ ಸಿಕ್ಕವು. ಹೊಂದದವರಿಗೆ ಬೇರೆ ತಂಡದ ಕೋಚ್‌ಗಳನ್ನು ಕೇಳಿ ಜೋಡಿ ಹುಡುಕಿದೆ. ಬೂಟಿನ ಖರ್ಚು ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿಯಿತು.

ಇನ್ನೊಂದು, ಬೆರಳ ತುದಿ ನೆಲಕ್ಕೆ ಉಜ್ಜುವವರ ಬೂಟು ಮೂರು ನಾಲ್ಕು ವಾರದಲ್ಲಿ ಮುಂದೆ ತೂತು ಬೀಳುತ್ತದೆ. ಹೊಸ ಬೂಟು ಬಂದ ದಿನವೇ ರಿಪೇರಿಯವರ ಹತ್ತಿರ ಮುಂದಿನ ಅಂಚಿಗೆ ತೆಳು ರಬ್ಬರ್ ಅಂಟಿಸಿ ಹೊಲಿಸುತ್ತೇವೆ. ದಪ್ಪ ರಬ್ಬರ್ ಹಾಕಿಸಿ ನೋಡಿದೆ, ಅದಕ್ಕೇ ಎಡವಿ ಬಿದ್ದರು. ತೆಳುವೇ ಸರಿ.

ಕ್ಲಾಸಿಫಿಕೇಶನ್, ಅಂದರೆ ಯಾರು ಯಾವ ವರ್ಗ ಅಂತ ನಿರ್ಧರಿಸುವ ಪರೀಕ್ಷೆ, ಅದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೊಸ ಆಟಗಾರರನ್ನು ಟೂರ್ನಿ ಶುರುವಾಗುವ ಮೊದಲು ಅಲ್ಲೇ ಪರೀಕ್ಷಿಸುತ್ತಾರೆ, ಆಮೇಲೆ ಪಂದ್ಯದಲ್ಲಿ ಆಡುವಾಗಲೂ ನೋಡುತ್ತಾರೆ. ನಮ್ಮ ಒಬ್ಬ ಹುಡುಗನನ್ನು ಎಫ್‌ಟಿ2 ಅಂತ ಲೆಕ್ಕ ಹಾಕಿ ಒಯ್ದಿದ್ದೆವು. ಅಲ್ಲಿ ಎಫ್‌ಟಿ3 ಆದ. ನಮ್ಮಲ್ಲಿ ಆಗಲೇ ಒಬ್ಬ ಎಫ್‌ಟಿ3 ಇದ್ದ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಇಳಿಯುವ ಹಾಗಿಲ್ಲ. ಒಂದು ಟಿಕೆಟ್ಟಿನ ದುಡ್ಡು ಬೆಂಚಿನ ಮೇಲೆ ಕೂತಿತು. ಆ ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಕ್ಲಾಸಿಫೈಯರ್‌ಗಳು ತಮ್ಮ ಕೆಲಸ ಮಾಡಿದರು, ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಹೋಗುವ ಮೊದಲೇ ಅನುಭವ ಇರುವ ಕ್ಲಾಸಿಫೈಯರ್ ಒಬ್ಬರಿಂದ ಒಮ್ಮೆ ನೋಡಿಸಿಕೊಳ್ಳಿ. ಆ ಖರ್ಚು ಟಿಕೆಟ್ಟಿನ ಮುಂದೆ ಏನೂ ಅಲ್ಲ.

ನಡುವೆ ಸುಮ್ನೆ ಮಾಡಿ ನೋಡಿದ ಕೆಲವು ಪ್ರಯೋಗಗಳೂ ಇವೆ. ಕಡಿಮೆ ಪುಟಿಯುವ ಫುಟ್ಸಾಲ್ ಚೆಂಡಿನಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿಸಿದೆ. ಪಾಸ್ ಚೊಕ್ಕವಾಯಿತು, ಆದರೆ ಮಾಮೂಲಿ ಚೆಂಡಿಗೆ ಮರಳಿದಾಗ ಎಲ್ಲರ ಅಂದಾಜು ತಪ್ಪಿತು. ಈಗ ವಾರಕ್ಕೆ ಒಂದು ದಿನ ಮಾತ್ರ. ಇನ್ನೊಂದು, ಸೀಟಿ. ತಂಡದಲ್ಲಿ ಇಬ್ಬರಿಗೆ ದಿಢೀರ್ ಶಬ್ದಕ್ಕೆ ಮೈಯೆಲ್ಲ ಬೆಚ್ಚಿ ಬಿಗಿಯುತ್ತದೆ. ನಾನು ಸೀಟಿ ಬಿಟ್ಟು ಕೈ ಎತ್ತಿ ಸನ್ನೆ ಮಾಡಲು ಶುರು ಮಾಡಿದೆ. ಅಭ್ಯಾಸ ಸಲೀಸಾಯಿತು. ಆದರೆ ಪಂದ್ಯದಲ್ಲಿ ರೆಫ್ರಿ ಸೀಟಿ ಊದದೆ ಇರುತ್ತಾರಾ? ಅದಕ್ಕೆ ಕೊನೆಯ ತಿಂಗಳು ಮತ್ತೆ ಸೀಟಿ ತಂದೆ, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಒಬ್ಬನಿಗೆ ಉಪಯೋಗ ಆಯಿತು, ಇನ್ನೊಬ್ಬನಿಗೆ ಅಷ್ಟಾಗಿ ಆಗಲಿಲ್ಲ.

ಯಾರನ್ನು ಯಾವಾಗ ಬದಲಿಸಬೇಕು ಅನ್ನುವುದಕ್ಕೆ ನಾನು ಕಾಲು ನೋಡುವುದಿಲ್ಲ, ಕೈ ನೋಡುತ್ತೇನೆ. ಒಂದು ಪಕ್ಕದ ಬಿಗಿತ ಇರುವವನು ದಣಿಯುತ್ತಾ ಬಂದ ಹಾಗೆ ಆ ಕಡೆಯ ಮೊಣಕೈ ಮಡಚಿಕೊಂಡು ಮೇಲೇರುತ್ತದೆ. ಮುಷ್ಟಿ ಬಿಗಿಯುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಳ್ಳುತ್ತದೆ. ಕೈ ಎದೆಯ ಮಟ್ಟಕ್ಕೆ ಬಂತು ಅಂದರೆ ಅವನಲ್ಲಿ ಇನ್ನು ಐದಾರು ನಿಮಿಷದ ಆಟ ಇದೆ, ಅಷ್ಟೇ. ಕೇಳಿದರೆ 'ಏನಿಲ್ಲ ಸರ್, ಆಡ್ತೀನಿ' ಅನ್ನುತ್ತಾನೆ. ಕೈ ಸುಳ್ಳು ಹೇಳುವುದಿಲ್ಲ. ಸಾವಿರಾರು ದುಡ್ಡು ಸುರಿದು ಮೈಗೆ ಕಟ್ಟುವ ಯಂತ್ರ ತಂದವರಿಗಿಂತ ನಮ್ಮ ಬದಲಾವಣೆಗಳು ಸರಿಯಾದ ಹೊತ್ತಿಗೆ ಆದವು. ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಇಷ್ಟೆಲ್ಲ ಆದರೂ ನಮ್ಮ ಪದ್ಧತಿಯಲ್ಲಿ ಒಂದು ದೊಡ್ಡ ತೂತು ಇದೆ. ಎಲ್ಲವೂ ಒಬ್ಬನ ಮೇಲೆ ನಿಂತಿದೆ. ಕೊನೆಯ ಪಂದ್ಯದ ಎರಡನೇ ಅವಧಿಯಲ್ಲಿ ಅವನ ಎರಡೂ ಮೀನಖಂಡ ಹಿಡಿದುಕೊಂಡವು, ಹೊರಗೆ ಬಂದ. ಇನ್ನೊಬ್ಬ ಎಫ್‌ಟಿ1 ಹುಡುಗ ಇದ್ದ, ಆದರೆ ಅವನಿಗೆ ತರಬೇತಿ ಕೊಟ್ಟದ್ದು ಗೋಲಿಗೆ. ಅವನನ್ನು ಗೋಲಿಗೆ ಕಳಿಸಿ ಹಳೆಯ ಆಟಕ್ಕೆ ಮರಳಿದೆವು. ಅವನೂ ಇಲ್ಲದಿದ್ದರೆ ಆರೇ ಜನ ಆಡಬೇಕಿತ್ತು. ಮುನ್ನಡೆಯಲ್ಲಿದ್ದವರು ಕೊನೆಯ ಹತ್ತು ನಿಮಿಷದಲ್ಲಿ ಸೋತೆವು.

ಅದಕ್ಕೇ ಮುಂದಿನ ಶಿಬಿರಕ್ಕೆ ಮುಂದೆ ಆಡಬಲ್ಲ ಇನ್ನಿಬ್ಬರು ಎಫ್‌ಟಿ1 ಆಟಗಾರರನ್ನು ಹುಡುಕುತ್ತಿದ್ದೇನೆ. ಓಟ ಬೇಡ. ನಿಂತಲ್ಲಿ ನಿಲ್ಲಬೇಕು, ಒಂದು ಕಾಲಿನಲ್ಲಾದರೂ ಚೆಂಡನ್ನು ನೇರವಾಗಿ ತಳ್ಳಬೇಕು. ಅಂಥವರು ನಿಮ್ಮ ತಂಡದ ಗೋಲಿನಲ್ಲಿ ನಿಂತಿದ್ದರೆ ಒಂದು ಅಭ್ಯಾಸ ಪಂದ್ಯ ಮುಂದೆ ಆಡಿಸಿ ನೋಡಿ. ಪಾಸ್ ಮಾತ್ರ ಕಾಲಿಗೇ ಕೊಡಿ.