ಹೈಡ್ರಂಟ್ ವಾಲ್ವ್: ಗುಂಡಿಗೆ ಇಳಿಯುವ ಮುನ್ನ, ಇಳಿದ ಮೇಲೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮಂಡ್ಯದ ತೂಬಿನಕೆರೆ, ಮದ್ದೂರು ಬಳಿಯ ಗೆಜ್ಜಲಗೆರೆ ಕೈಗಾರಿಕಾ ಪ್ರದೇಶಗಳಿಗೆ ಹೋದರೆ ಕಾಂಪೌಂಡಿನೊಳಗೆ ಬೆಂಕಿ ಆರಿಸಲು ನೀರು ಕೊಡುವ ಕೆಂಪು ಬಣ್ಣದ ಹೈಡ್ರಂಟ್‌ಗಳು ಕಾಣುತ್ತವೆ. ಅವುಗಳಿಗೆ ನೀರು ತರುವ ಲೈನನ್ನು ಭಾಗ ಭಾಗವಾಗಿ ಬಂದ್ ಮಾಡುವ ವಾಲ್ವ್‌ಗಳು ಮಾತ್ರ ಬಹುಮಟ್ಟಿಗೆ ನೆಲದಡಿಯ ಚೇಂಬರಿನಲ್ಲಿರುತ್ತವೆ. ಆಳೆತ್ತರದ ಗುಂಡಿ, ಮೇಲೊಂದು ಕಬ್ಬಿಣದ ಮುಚ್ಚಳ, ಒಬ್ಬರು ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಬಾಯಿ. ವಾಲ್ವ್ ಕೂರಿಸಲು ಬಲ್ಲ ಫಿಟ್ಟರ್‌ಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಈ ಗುಂಡಿಗಳಲ್ಲಿ ಜೀವಕ್ಕೆ ಕುತ್ತು ತರುವುದು ಅಲ್ಲಿನ ಕೆಟ್ಟ ಗಾಳಿ, ಇಲ್ಲವೇ ತಾನಾಗಿಯೇ ಚಾಲೂ ಆಗುವ ಪಂಪು. ಆದ್ದರಿಂದ ಪಾನಾ ಹಿಡಿಯುವ ಮಾತು ಕೊನೆಗೆ ಬರಲಿ.

ಕೆಲಸವನ್ನು ಆದಷ್ಟು ಮೇಲಕ್ಕೆ ತನ್ನಿ

ಇಳಿಯಲೇಬೇಕೇ ಎಂದು ಮೊದಲು ಯೋಚಿಸಿ. ವಾಲ್ವ್ ತಿರುಗಿಸುವುದಷ್ಟೇ ಕೆಲಸವಾದರೆ ಉದ್ದನೆಯ ಟಿ-ಕೀ ಸಾಕು, ಮೇಲೆ ನಿಂತೇ ತಿರುಗಿಸಬಹುದು. ಹೊಸ ವಾಲ್ವ್ ಹಾಕುವುದಾದರೂ ಅರ್ಧಕ್ಕಿಂತ ಹೆಚ್ಚು ಕೆಲಸ ನೆಲದ ಮೇಲೆಯೇ ಮುಗಿಯುತ್ತದೆ. ಬೋಲ್ಟ್ ಸೈಜು ತಾಳೆ ನೋಡುವುದು, ಗ್ಯಾಸ್ಕೆಟ್ ಕತ್ತರಿಸುವುದು, ವಾಲ್ವನ್ನು ಪೂರ್ತಿ ತೆರೆದು ಮುಚ್ಚಿ ಪರೀಕ್ಷಿಸುವುದು, ಫ್ಲ್ಯಾಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಬಳೆ) ವೆಲ್ಡ್ ಮಾಡುವುದು ಎಲ್ಲ ಮೇಲೆಯೇ, ಲೈನ್ ಬಂದ್ ಮಾಡುವ ಮೊದಲೇ ಆಗಲಿ. ವೆಲ್ಡಿಂಗ್ ಹೊಗೆ, ಪೇಂಟ್ ಮತ್ತು ತಿನ್ನರ್ ವಾಸನೆ, ಸೋರುವ ಗ್ಯಾಸ್ ಸಿಲಿಂಡರ್ ಇವಾವುವೂ ಗುಂಡಿಯ ಒಳಗೆ ಇರಕೂಡದು. ಕೆಳಗೆ ಕಳೆಯುವ ಪ್ರತಿ ನಿಮಿಷವೂ ಅಪಾಯದ ನಿಮಿಷ.

ಪಂಪಿನ ಬಾಯಿ ಮುಚ್ಚಿಸಿ

ಮನೆಯ ನೀರಿನ ಲೈನಿಗೂ ಫೈರ್ ಲೈನಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಹೈಡ್ರಂಟ್ ಲೈನಿನಲ್ಲಿ ಸದಾ ಒತ್ತಡ ಇರುತ್ತದೆ. ಸ್ವಲ್ಪ ಇಳಿದರೆ ಜಾಕಿ ಪಂಪ್ ಎಂಬ ಚಿಕ್ಕ ಪಂಪ್ ಎದ್ದು ತುಂಬಿಸುತ್ತದೆ. ಇನ್ನೂ ಇಳಿದರೆ ಮುಖ್ಯ ಎಲೆಕ್ಟ್ರಿಕ್ ಪಂಪ್ ಚಾಲೂ ಆಗುತ್ತದೆ. ಕರೆಂಟು ಇಲ್ಲದಿದ್ದರೆ, ಅಥವಾ ಒತ್ತಡ ಮತ್ತಷ್ಟು ಕುಸಿದರೆ, ಡೀಸೆಲ್ ಪಂಪ್ ಎದ್ದುಬಿಡುತ್ತದೆ. ಬೆಂಕಿ ಬಿದ್ದಾಗ ಜೀವ ಉಳಿಸುವ ಈ ಏರ್ಪಾಡು ನೀವು ಲೈನ್ ಖಾಲಿ ಮಾಡುವಾಗಲೂ ಬೆಂಕಿ ಬಿದ್ದಿದೆಯೆಂದೇ ತಿಳಿಯುತ್ತದೆ. ಗುಂಡಿಯಲ್ಲಿ ಫ್ಲ್ಯಾಂಜ್ ಬಿಚ್ಚಿ ಕೂತವನ ಮೇಲೆ ನೀರು ನುಗ್ಗುವುದು ಹೀಗೆ.

ಹಾಗಾಗಿ ಮೂರೂ ಪಂಪುಗಳ ಸೆಲೆಕ್ಟರ್ ಸ್ವಿಚ್ಚನ್ನು ಆಟೋದಿಂದ ಆಫ್‌ಗೆ ತಂದು, ಪ್ಯಾನೆಲ್ಲಿನ ಮೇನ್ ಇಳಿಸಿ ಬೀಗ ಹಾಕಿ. ಕೀಲಿ ಗುಂಡಿಗೆ ಇಳಿಯುವವನ ಜೇಬಿನಲ್ಲೇ ಇರಲಿ. ಡೀಸೆಲ್ ಎಂಜಿನ್‌ಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಬ್ಯಾಟರಿ ವೈರನ್ನೂ ಕಳಚಿ. ಕೆಲಸದ ಜಾಗದ ಎರಡೂ ಬದಿಯ ವಾಲ್ವ್ ಮುಚ್ಚಿ, ಅವಕ್ಕೂ ಬೀಗ ಮತ್ತು ಚೀಟಿ ಹಾಕಿ. ಆ ಭಾಗದ ಹೈಡ್ರಂಟ್ ತೆರೆದು ನೀರು ಪೂರ್ತಿ ಬಸಿದು ನಿಂತಿತೆಂದು ಕಣ್ಣಾರೆ ನೋಡಿ. ಗೇಜಿನ ಮುಳ್ಳು ಸೊನ್ನೆಯಲ್ಲಿದೆ ಎಂಬುದನ್ನಷ್ಟೇ ನಂಬಬೇಡಿ, ಗೇಜು ಕೆಟ್ಟಿರಬಹುದು.

ಅಷ್ಟು ಹೊತ್ತು ಕಾರ್ಖಾನೆಗೆ ಬೆಂಕಿಯ ರಕ್ಷಣೆ ಇರುವುದಿಲ್ಲ ಎಂಬುದೂ ನೆನಪಿರಲಿ. ಸೆಕ್ಯುರಿಟಿಗೆ, ಫೈರ್ ಸಿಬ್ಬಂದಿಗೆ ಮೊದಲೇ ತಿಳಿಸಿ. ಆ ವೇಳೆಯಲ್ಲಿ ಆವರಣದಲ್ಲೆಲ್ಲೂ ವೆಲ್ಡಿಂಗ್, ಗ್ರೈಂಡಿಂಗ್ ಬೇಡ. ಹೆಚ್ಚುವರಿ ಅಗ್ನಿಶಾಮಕ ಸಿಲಿಂಡರ್‌ಗಳನ್ನು ತಂದಿಡಿ.

ಗಾಳಿ ನೋಡುವುದು

ನಮ್ಮ ಸೀಮೆಯ ಹಳ್ಳಿಗಳಲ್ಲಿ ರಾಗಿ ಹಗೇವು (ನೆಲದಡಿಯ ಕಣಜ) ತೆಗೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಇಳಿಯುತ್ತಿದ್ದರು. ಮುಚ್ಚಿದ ಜಾಗದಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿರುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ ಎಂಬುದು ಹಿರಿಯರಿಗೆ ಅನುಭವದಿಂದ ಗೊತ್ತಿತ್ತು. ವಾಲ್ವ್ ಚೇಂಬರಿನಲ್ಲಿ ಅದೇ ಕೆಲಸವನ್ನು ತುಕ್ಕು ಮಾಡುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಗಾಳಿಯ ಆಮ್ಲಜನಕವನ್ನು ನುಂಗುವುದು. ತಿಂಗಳುಗಟ್ಟಲೆ ಮುಚ್ಚಿದ ಒದ್ದೆ ಚೇಂಬರಿನಲ್ಲಿ ಯಾವ ವಾಸನೆಯೂ ಇಲ್ಲದೆ ಉಸಿರಾಡಲಾಗದ ಗಾಳಿ ತುಂಬಿರಬಹುದು.

ಮಂಡ್ಯ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ಅಂಗಳದ ಸುತ್ತ ಹೈಡ್ರಂಟ್ ಲೈನ್ ಇರಲೇಬೇಕು, ಒಣ ಸಿಪ್ಪೆಗೆ ಬೆಂಕಿ ಹತ್ತಿದರೆ ಹಿಡಿಯುವುದು ಕಷ್ಟ. ಅದೇ ಸಿಪ್ಪೆ ಮಳೆನೀರಿನ ಜೊತೆ ಚೇಂಬರಿಗೆ ಇಳಿದು ಕೊಳೆಯುತ್ತದೆ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಗದ್ದೆ ಬಯಲಿನ ಕಡೆ ಒಸರು ನೀರೂ ತುಂಬಿಕೊಳ್ಳುತ್ತದೆ. ಕಪ್ಪು ನೀರು, ಮೇಲೆ ನೊರೆಯಂತೆ ತೇಲುವ ಸಿಪ್ಪೆ, ಕೋಲು ಹಾಕಿ ಕಲಕಿದರೆ ಬುಳುಬುಳು ಗುಳ್ಳೆ ಕಂಡರೆ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಇರಬಹುದೆಂದೇ ತಿಳಿಯಿರಿ. ಕಲಕಿದಾಗಲೇ ಅನಿಲ ಹೆಚ್ಚು ಏಳುವುದು, ಆದ್ದರಿಂದ ನೀರು ಖಾಲಿ ಮಾಡಿದ ಮೇಲೆ ಮತ್ತೆ ಪರೀಕ್ಷೆ ಮಾಡಲೇಬೇಕು. ಮೈಸೂರಿನ ಬಡಾವಣೆಗಳ ಅಪಾರ್ಟ್‌ಮೆಂಟ್‌ಗಳಲ್ಲಿ ಪಕ್ಕದ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲಿನಿಂದ ಗ್ಯಾಸ್ ಸೋರಿ ಬರುವುದುಂಟು.

ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ಆಸುಪಾಸಿಗೆ ಏರಿದರೆ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. ‘ವಾಸ್ನೆ ಹೋಯ್ತು ಬುಡಣ್ಣ, ಇಳೀತೀನಿ’ ಎಂದು ಯಾರಾದರೂ ಹೇಳಿದರೆ ಅವರನ್ನು ತಡೆಯಬೇಕಾದ ಗಳಿಗೆ ಅದೇ. ದೀಪವನ್ನೋ ಬೆಂಕಿಕಡ್ಡಿಯನ್ನೋ ಇಳಿಬಿಟ್ಟು ನೋಡುವುದೂ ಇಲ್ಲಿ ಬೇಡ, ಮೀಥೇನ್ ಇದ್ದರೆ ಸಿಡಿಯುತ್ತದೆ.

ಬೇಕಾದದ್ದು ನಾಲ್ಕು ಅನಿಲ ತೋರಿಸುವ ಗ್ಯಾಸ್ ಮೀಟರ್. ಹೊರಗಿನ ಶುದ್ಧ ಗಾಳಿಯಲ್ಲಿ ಚಾಲೂ ಮಾಡಿ ಆಮ್ಲಜನಕ ಶೇ 20.9 ತೋರುತ್ತಿದೆಯೇ ನೋಡಿ. ಮುಚ್ಚಳ ಎತ್ತುವ ಮೊದಲು ಅದರ ತೂತಿನಲ್ಲಿ ನಳಿಗೆ ಬಿಟ್ಟು ಒಂದು ಸಲ ಅಳೆಯಿರಿ. ತೆರೆದ ಮೇಲೆ ಮೇಲ್ಭಾಗ, ನಡು, ತಳ ಮೂರೂ ಕಡೆ ನಿಧಾನವಾಗಿ ಅಳೆಯಿರಿ. ಮೀಥೇನ್ ಹಗುರ, ಮೇಲೆ ಸೇರುತ್ತದೆ. ಹೈಡ್ರೋಜನ್ ಸಲ್ಫೈಡ್ ಭಾರ, ಕೆಳಗೆ ನಿಲ್ಲುತ್ತದೆ. ಆಮ್ಲಜನಕ ಶೇ 19.5ರಿಂದ 23.5ರ ನಡುವೆ, ಉರಿಯುವ ಅನಿಲ ಎಲ್‌ಇಎಲ್‌ನ (ಸಿಡಿಯಲು ಬೇಕಾದ ಕನಿಷ್ಠ ಪ್ರಮಾಣದ) ಶೇ 10ಕ್ಕಿಂತ ಕಡಿಮೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗಿಂತ ಕಡಿಮೆ, ಕಾರ್ಬನ್ ಮೊನಾಕ್ಸೈಡ್ 35 ಪಿಪಿಎಂಗಿಂತ ಕಡಿಮೆ ಇರಬೇಕು. ಒಂದು ತಪ್ಪಿದರೂ ಇಳಿಯುವಂತಿಲ್ಲ.

ಅಂಕಿ ಸರಿಯಿದ್ದರೂ ಬ್ಲೋವರ್ ಹಚ್ಚಿ, ಅದರ ಪೈಪು ತಳದವರೆಗೆ ಇಳಿದಿರಲಿ. ಬ್ಲೋವರ್ ಗಾಳಿ ಎಳೆದುಕೊಳ್ಳುವ ಕಡೆ ಲಾರಿಯಾಗಲಿ ಜನರೇಟರ್ ಆಗಲಿ ನಿಂತಿರಬಾರದು. ಗುಂಡಿಗೆ ಆಕ್ಸಿಜನ್ ಸಿಲಿಂಡರ್ ಬಿಡುವ ಕೆಟ್ಟ ರೂಢಿ ಕೆಲವೆಡೆ ಇದೆ, ಆಗ ಒಂದು ಕಿಡಿಗೆ ಬಟ್ಟೆಯೇ ಧಗ್ಗನೆ ಹತ್ತಿಕೊಳ್ಳುತ್ತದೆ. ನೀರೆತ್ತುವ ಪೆಟ್ರೋಲ್ ಪಂಪನ್ನು ಯಾವ ಕಾರಣಕ್ಕೂ ಒಳಗೆ ಇಡಬೇಡಿ. ಕಬ್ಬಿನ ಗದ್ದೆ ಪಕ್ಕದ ಚೇಂಬರ್ ಆದರೆ ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿ, ಹಾವು ಸೇರಿಕೊಂಡಿರುವುದು ಅಪರೂಪವೇನಲ್ಲ.

ಮೇಲೆ ನಿಲ್ಲುವವರು

ಗುಂಡಿಯ ಬಾಯಲ್ಲಿ ಒಬ್ಬರು ನಿಲ್ಲಲೇಬೇಕು. ಅವರಿಗೆ ಬೇರೆ ಯಾವ ಕೆಲಸವೂ ಹೇಳಬಾರದು, ಟೀ ತರಲೂ ಕಳಿಸಬಾರದು. ಇಳಿಯುವವರು ಮೈತುಂಬ ಹಾರ್ನೆಸ್ ಹಾಕಿ, ಹಗ್ಗವನ್ನು ಮೇಲಿನ ಮುಕ್ಕಾಲಿಯ ರಾಟೆಗೆ ಸಿಕ್ಕಿಸಿಕೊಂಡಿರಬೇಕು. ಒಳಗಿನವರು ಕುಸಿದರೆ ಮೇಲಿನವರು ರಾಟೆ ಸುತ್ತಿ ಎಳೆಯಬೇಕು, 112ಕ್ಕೆ ಕರೆ ಮಾಡಬೇಕು. ತಾವು ಇಳಿಯಕೂಡದು. ಅಣ್ಣ ಬಿದ್ದನೆಂದು ತಮ್ಮ, ತಮ್ಮ ಬಿದ್ದನೆಂದು ಇನ್ನೊಬ್ಬ ಇಳಿದು ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬಿದ್ದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಕಣ್ಣೆದುರು ಜೊತೆಗಾರ ಬಿದ್ದಾಗ ಕೈಕಟ್ಟಿ ನಿಲ್ಲುವುದು ಯಾರಿಗೂ ಸುಲಭವಲ್ಲ. ಅದಕ್ಕೇ ಹಗ್ಗ ಮೊದಲೇ ಕಟ್ಟಿರಬೇಕು.

ಗುಂಡಿಗೆ ಇಳಿಯುವ ಪರ್ಮಿಟ್ಟಿಗೆ ಸಹಿ ಹಾಕುವ ಎಂಜಿನಿಯರ್ ಗುಂಡಿಯ ಬಳಿ ಬಂದು, ಮೀಟರ್ ನೋಡಿ ಸಹಿ ಹಾಕಲಿ. ಇಂಥ ಜಾಗಗಳಿಗೆ ಪರೀಕ್ಷೆಯಾಗಿದೆ ಎಂಬ ಲಿಖಿತ ಪ್ರಮಾಣಪತ್ರವೋ, ಉಸಿರಾಟದ ಉಪಕರಣ ಮತ್ತು ಹೊರಗಿನವರು ಹಿಡಿದ ಹಗ್ಗವೋ ಇಲ್ಲದೆ ಯಾರನ್ನೂ ಇಳಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲೇ ಬರೆದಿದ್ದರು. ಒಳಗೆ ಒಯ್ಯುವ ಕೈದೀಪ 24 ವೋಲ್ಟ್ ಮೀರಬಾರದೆಂಬುದೂ ಅದೇ ಕಾಯ್ದೆಯಲ್ಲಿ ಇತ್ತು.

ಕೂರಿಸುವುದು

ಇಷ್ಟಾದ ಮೇಲೆ ಇಳಿಯಿರಿ, ಮೀಟರ್ ಎದೆಯ ಮೇಲೆ ಚಾಲೂ ಇರಲಿ. ಹಳೆಯ ಫ್ಲ್ಯಾಂಜ್ ಬಿಚ್ಚುವಾಗ ನಿಮ್ಮಿಂದ ಆಚೆ ಬದಿಯ ಬೋಲ್ಟನ್ನು ಮೊದಲು ಸಡಿಲಿಸಿ. ಉಳಿದ ನೀರಿದ್ದರೆ ಮುಖಕ್ಕೆ ಎರಚದೆ ಆ ಕಡೆ ಹೋಗುತ್ತದೆ. ಫ್ಲ್ಯಾಂಜಿನ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿ. ಎರಕದ ವಾಲ್ವ್ ಭಾರ, ಕೈಯಲ್ಲಿ ಇಳಿಸಬೇಡಿ. ಚೈನ್ ಬ್ಲಾಕ್‌ನಲ್ಲಿ ಇಳಿಸಿ, ಅದು ಇಳಿಯುವಾಗ ಕೆಳಗೆ ಯಾರೂ ನಿಲ್ಲಬೇಡಿ.

ಸ್ಲೂಸ್ ವಾಲ್ವ್ (ಒಳಗಿನ ಗೇಟು ಮೇಲೆ ಕೆಳಗೆ ಸರಿಯುವಂಥದು) ಆದರೆ ಮುಚ್ಚಿದ ಸ್ಥಿತಿಯಲ್ಲಿ ಕೂರಿಸಿ. ರಬ್ಬರ್ ಸೀಟಿನ ಬಟರ್‌ಫ್ಲೈ ವಾಲ್ವ್ ಆದರೆ ಒಳಗೆ ತಿರುಗುವ ಬಿಲ್ಲೆ ಸ್ವಲ್ಪವೇ ತೆರೆದಿರಲಿ, ಬೇರೆ ಗ್ಯಾಸ್ಕೆಟ್ ಹಾಕಬೇಡಿ, ಅದರ ರಬ್ಬರೇ ಗ್ಯಾಸ್ಕೆಟ್. ಪೈಪು ಒಂದು ನೇರಕ್ಕೆ ಬಾರದಿದ್ದರೆ ಬೋಲ್ಟ್ ಬಿಗಿದು ಎಳೆಯುವುದು ಬೇಡ, ಮುಂದೆ ಫ್ಲ್ಯಾಂಜ್ ಬಿರಿಯುವುದು ಅಲ್ಲೇ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಿರಿ. ವಾಲ್ವ್ ಅಡಿಗೆ ಕಾಂಕ್ರೀಟ್ ಆಸರೆ ಕೊಡಿ.

ಪರೀಕ್ಷೆಗೆ ನೀರು ಬಿಡುವಾಗ ಗುಂಡಿಯಲ್ಲಿ ಒಂದು ಜೀವವೂ ಇರಕೂಡದು. ದೂರದ ಹೈಡ್ರಂಟ್ ತೆರೆದಿಟ್ಟು ಗಾಳಿ ಹೊರಗೆ ಹೋಗುವಂತೆ ನಿಧಾನ ತುಂಬಿಸಿ. ಕೆಲಸದ ಒತ್ತಡದ ಒಂದೂವರೆ ಪಟ್ಟನ್ನು ಎರಡು ಗಂಟೆ ಹಿಡಿದು ನೋಡಿ. ಸೋರಿದರೆ ಒತ್ತಡ ಇಳಿಸಿ, ಗಾಳಿ ಮತ್ತೆ ಅಳೆದು, ಆಮೇಲೆ ಇಳಿದು ಬಿಗಿಯಿರಿ.

ಕೆಲಸ ಮುಗಿದ ಸಂತೋಷದಲ್ಲಿ ವಾಲ್ವ್ ಮುಚ್ಚಿದ್ದನ್ನು ಮರೆತು ಹೋಗುವುದಿದೆ. ಆಗ ನಿಜವಾಗಿ ಬೆಂಕಿ ಬಿದ್ದ ದಿನ ಹೋಸಿನಲ್ಲಿ ಹನಿ ನೀರೂ ಬರುವುದಿಲ್ಲ. ಮುಚ್ಚಿದ ಪ್ರತಿ ವಾಲ್ವನ್ನೂ ಪೂರ್ತಿ ತೆರೆದು, ತೆರೆದ ಸ್ಥಿತಿಯಲ್ಲೇ ಚೈನು ಬೀಗ ಹಾಕಿ. ಚೀಟಿ ಎಷ್ಟು ಕಟ್ಟಿದ್ದೀರೋ ಅಷ್ಟೂ ವಾಪಸ್ ಬಂದಿವೆಯೇ ಎಣಿಸಿ. ಡೀಸೆಲ್ ಎಂಜಿನ್ನಿನ ಬ್ಯಾಟರಿ ಜೋಡಿಸಿ, ಮೂರೂ ಪಂಪನ್ನು ಆಟೋಗೆ ಹಾಕಿ, ಒಂದು ಹೈಡ್ರಂಟ್ ತೆರೆದು ಅವು ತಾವಾಗಿಯೇ ಏಳುತ್ತವೆಯೇ ನೋಡಿ. ಸಮಯ ಬರೆದು ರಿಜಿಸ್ಟರಿಗೆ ಸಹಿ ಹಾಕಿ, ಸೆಕ್ಯುರಿಟಿಗೆ ಲೈನ್ ಚಾಲೂ ಆಯಿತೆಂದು ತಿಳಿಸಿ.