ಕತ್ತರಿಸದ ಕುಸ್ತಿ

ಕುಸ್ತಿ ಎಂದೊಡನೆ ಕನ್ನಡಿಗರಿಗೆ ಗರಡಿಮನೆ ನೆನಪಾಗುತ್ತದೆ. ಬೆಂಗಳೂರಿನ ಶಾಲೆಯಲ್ಲಿ ನನ್ನ ಗೆಳತಿಯರು ನಕ್ಕಿದ್ದೂ ಅದಕ್ಕೇ. ಪಾರ್ಸಿಗಳಾದ ನಮಗೆ ಅದು ಸುದ್ರೆ ಎಂಬ ಪವಿತ್ರ ಒಳ ಅಂಗಿಯ ಮೇಲೆ ಸೊಂಟಕ್ಕೆ ಮೂರು ಸುತ್ತು ಕಟ್ಟಿಕೊಳ್ಳುವ ಉಣ್ಣೆಯ ದಾರ. ಅದರ 72 ಎಳೆಗಳು ನಮ್ಮ ಪೂಜಾಗ್ರಂಥವಾದ ಯಸ್ನದ 72 ಅಧ್ಯಾಯಗಳ ಸಂಕೇತ. ಈಗ ಟೊರಾಂಟೊದಲ್ಲಿದ್ದು ನೇಯ್ಗೆ, ಧ್ವನಿ ಮತ್ತು ನೆಲದ ಚಿತ್ರಗಳನ್ನು ಬೆರೆಸಿ ಕಲಾಕೃತಿ ಮಾಡುವ ನಾನು, ಈ ದಾರವನ್ನು ಗ್ಯಾಲರಿಗೆ ತರಬಹುದೇ ಎಂಬ ಪ್ರಶ್ನೆಯನ್ನು ಬಹುಕಾಲ ಮುಂದೂಡುತ್ತಲೇ ಬಂದಿದ್ದೆ. ಬೆಂಕಿಯ ವಿಷಯದಲ್ಲಿ ಮಾತ್ರ ಅನುಮಾನವಿರಲಿಲ್ಲ: ಗುಜರಾತಿನ ಉದ್ವಾಡದಲ್ಲಿ 1742ರಿಂದ ಉರಿಯುತ್ತಿರುವ ನಮ್ಮ ಪವಿತ್ರ ಅಗ್ನಿ ಇರಾನ್‌ಶಾಹ್‌ನ ಎದುರು ತಲೆಬಾಗಿ ಬಂದವಳಿಗೆ, ಜ್ವಾಲೆಯ ವಿಡಿಯೊವನ್ನು ಗೋಡೆಗೆ ಬಿಡುವುದು ಅಗ್ಗದ ಕೆಲಸವೆನಿಸುತ್ತದೆ.

ದಾರದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗುಜರಾತಿನ ನವಸಾರಿಯಲ್ಲಿ. ಪುರೋಹಿತ ಮನೆತನದ ಹಿರಿಯರೊಬ್ಬರು, ನಾನು ಮಾಸಿ ಎಂದು ಕರೆಯುತ್ತಿದ್ದವರು, ಸಣ್ಣ ಮಗ್ಗದ ಮುಂದೆ ಕೂರಿಸಿ ಕಲಿಸಿದರು. ನನ್ನ ಮೊದಲ ಪಟ್ಟಿ ಹಾವಿನಂತೆ ಸುರುಳಿಕೊಂಡಿತು. ಎರಡನೆಯದರಲ್ಲಿ ಎಳೆಗಳು ಕಡಿದವು. ಕುಸ್ತಿಯನ್ನು ಪೊಳ್ಳು ಕೊಳವೆಯಾಗಿ ನೇಯುತ್ತಾರೆ. ಮಗ್ಗದಿಂದ ಇಳಿಸಿದಾಗ ಅದು ತುದಿಯಿಲ್ಲದ ಬಳೆಯಂತಿರುತ್ತದೆ. ಪುರೋಹಿತರು ನಮ್ಮ ಧರ್ಮಗ್ರಂಥ ಅವೆಸ್ತಾದ ಮಂತ್ರಗಳನ್ನು ಹೇಳುತ್ತ ಕತ್ತರಿಸಿದ ಮೇಲೆಯೇ ಅದು ಪವಿತ್ರವಾಗುವುದು. ಆಮೇಲೆ ಅದರ ಒಳಮೈಯನ್ನು ಹೊರಕ್ಕೆ ತಿರುವಿ, ತುದಿಗಳನ್ನು ಹೆಣೆದು ಮುಗಿಸುತ್ತಾರೆ. "ಹಾಗಾದರೆ ಕತ್ತರಿಸುವ ಮುನ್ನ ಅದು ಏನು ಮಾಸಿ?" ಎಂದು ಕೇಳಿದೆ. "ಉಣ್ಣೆ" ಎಂದರು, ಮಗ್ಗದಿಂದ ತಲೆಯೆತ್ತದೆ.

ಆ ಒಂದು ಪದದ ಮೇಲೆ ನನ್ನ ಕೃತಿ ನಿಂತಿದೆ. ನಾನು ನೇಯ್ದ ಬಳೆಯನ್ನು ಕತ್ತರಿಸದೆ ಹಾಗೆಯೇ ಚಾವಣಿಯಿಂದ ತೂಗುಬಿಟ್ಟೆ. ಮಾಸಿಯ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡಿದ್ದ ಮಗ್ಗದ ಬಡಿತವನ್ನು ಅದರ ಹಿಂದೆ ಮೆಲ್ಲಗೆ ಕೇಳಿಸಿದೆ; ಪ್ರಾರ್ಥನೆಯ ಧ್ವನಿಯನ್ನು ಬಳಸಲಿಲ್ಲ.

ನೆಲದ ಚಿತ್ರಕ್ಕೆ ಬಳಸಿದ್ದು ನನ್ನ ಬಪಾಯಿಜಿಯ, ಅಂದರೆ ಅಪ್ಪನ ತಾಯಿಯ, ತೂತಿನ ತಗಡಿನ ಡಬ್ಬಿ. ಬೆಂಗಳೂರಿನಲ್ಲಿ ಅಕ್ಕಪಕ್ಕದವರು ಚುಕ್ಕಿಯಿಟ್ಟು ಬೆರಳಿನಿಂದ ಎಳೆ ಎಳೆಯುವ ಹೊತ್ತಿಗೆ, ಬಪಾಯಿಜಿ ಡಬ್ಬಿಗೆ ರಂಗೋಲಿ ಪುಡಿ ತುಂಬಿ ಹೊಸ್ತಿಲ ಬಳಿ ಎರಡು ಸಲ ತಟ್ಟುತ್ತಿದ್ದರು. ಜೋಡಿ ಮೀನು ಮೂಡುತ್ತಿತ್ತು. ಎದುರುಮನೆಯವರು ಇದನ್ನು ಕಳ್ಳಾಟವೆಂದು ಚುಡಾಯಿಸುತ್ತಿದ್ದರು. ಟೊರಾಂಟೊದ ನನ್ನ ಫ್ಲ್ಯಾಟಿನ ಬಾಗಿಲಾಚೆ ಎಲ್ಲರಿಗೂ ಸೇರಿದ ಕಾರ್ಪೆಟ್ ಇರುವುದರಿಂದ ಡಬ್ಬಿ ವರ್ಷಗಟ್ಟಲೆ ಕಪಾಟಿನಲ್ಲೇ ಇತ್ತು. ಗ್ಯಾಲರಿಯ ಸಿಮೆಂಟ್ ನೆಲ ಸಿಕ್ಕಾಗ ಮೊದಲ ದಿನವೇ ಎ.ಸಿ. ಗಾಳಿಗೆ ಮೀನುಗಳು ಚದುರಿದವು. ಪುಡಿಯನ್ನು ಅಂಟಿಸುವ ಸಲಹೆ ಬಂತು. ಒಪ್ಪದೆ, ಪುಡಿಯನ್ನು ಸ್ವಲ್ಪ ದಪ್ಪಗೆ ಜರಡಿ ಹಿಡಿದು, ದಿನವೂ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಹೋಗಿ ಹೊಸದಾಗಿ ತಟ್ಟಿದೆ. ಸಂಜೆಯ ವೇಳೆಗೆ ಮೀನುಗಳು ನೋಡುಗರ ಬೂಟಿಗಂಟಿಕೊಂಡು ರಸ್ತೆ ಸೇರಿರುತ್ತಿದ್ದವು.