ಅವ್ವನ ತುರುಬಿಗೊಂದು ಉಣ್ಣೆ ಕೊಪ್ಪೆ

ನಮ್ಮವ್ವ ಚಳ್ಳಕೆರೆ ಸೀಮೆಯ ಹಳ್ಳಿಯವಳು. ಈಗ ಚಿತ್ರದುರ್ಗದಲ್ಲಿ ನನ್ನ ಜೊತೆ ಇದ್ದಾಳೆ. ಊರು ಬಿಟ್ಟರೂ ಐದಕ್ಕೇ ಏಳುವುದನ್ನು ಬಿಟ್ಟಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ನಮ್ಮೂರಲ್ಲಿ ಚಳಿಗಿಂತ ಗಾಳಿಯದೇ ಕಾಟ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಆ ಗಾಳಿಯಲ್ಲೇ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಆಮೇಲೆ ಬಚ್ಚಲ ಹಂಡೆ ಒಲೆ ಮುಂದೆ ಕೂತು ಕಿವಿ ಕಾಯಿಸಿಕೊಳ್ಳುವುದು ಅವಳ ದಿನಚರಿ. ಮನೆಯಲ್ಲಿ ಗೀಸರ್ ಇದೆ. ಅದರ ಮಾತು ಎತ್ತುವ ಹಾಗಿಲ್ಲ.

ಮಂಕಿ ಕ್ಯಾಪ್ ತಂದುಕೊಟ್ಟೆ. ಒಂದು ದಿನ ಹಾಕಿ ಮೂಲೆಗೆ ಎಸೆದಳು. ತಲೆ ಮೇಲಿಂದ ಎಳೆದು ಹಾಕುವಾಗ ತುರುಬು ಬಿಚ್ಚಿಹೋಗುತ್ತದೆ, ತೆಗೆಯುವಾಗ ಇದ್ದಬದ್ದ ಕೂದಲೆಲ್ಲ ಎದ್ದು ನಿಲ್ಲುತ್ತದೆ. ಸೆರಗನ್ನೇ ಕಿವಿಗೆ ಬಿಗಿದುಕೊಂಡು ಓಡಾಡತೊಡಗಿದಳು. ಸರಿ, ನಾನೇ ಒಂದು ಉಣ್ಣೆ ಟೊಪ್ಪಿ ಹೆಣೆಯೋಣ ಅಂತ ಕೂತೆ. ಹೈಸ್ಕೂಲಿನಲ್ಲಿದ್ದಾಗ ಕಲಿತ ಸೀದಾ, ಉಲ್ಟಾ ಅನ್ನುವ ಎರಡು ಬಗೆಯ ಹೆಣಿಗೆಯೇ ನನ್ನ ಬಂಡವಾಳ.

ಮೊದಲನೆಯದು ಕೆಟ್ಟಿತು. ದಾವಣಗೆರೆ ಮಂಡಿಪೇಟೆ ಕಡೆ ಹೋದಾಗ ಒಂದು ಅಂಗಡಿಯಲ್ಲಿ ‘ಪ್ಯೂರ್ ಉಲ್ಲನ್’ ಅಂತ ಕೊಟ್ಟ ಮೆರೂನ್ ಉಂಡೆಗಳನ್ನು ತಂದಿದ್ದೆ. ಅಳತೆಗೆ ನನ್ನ ತಲೆಯನ್ನೇ ಇಟ್ಟುಕೊಂಡೆ. ನನ್ನದು ಬಾಬ್ ಕಟ್ ಎನ್ನುವುದು ಲೆಕ್ಕಕ್ಕೇ ಬರಲಿಲ್ಲ. ಅವ್ವ ಹಾಕಿಕೊಂಡರೆ ಹಿಂದೆ ತುರುಬು ತಳ್ಳಿ, ಮುಂದಿನ ಅಂಚು ಹಣೆಯಿಂದ ನಡುನೆತ್ತಿಗೆ ಸರಿಯುತ್ತಿತ್ತು. ಜೊತೆಗೆ ಮೇಲೊಂದು ಚೂಪು ಮೂಲೆ. “ಇದೇನೇ, ಕೋಡು ಮೂಡಿದಂಗೈತೆ” ಅಂದಳು. ಆದರೂ ಮಗಳ ಮುಖ ನೋಡಿ ನಾಲ್ಕು ದಿನ ಹಾಕಿಕೊಂಡಳು. ಐದನೇ ದಿನ ಒಲೆಯ ಕಿಡಿಯೊಂದು ಹಾರಿ ಅಂಚಿನಲ್ಲಿ ಹೆಸರುಕಾಳಷ್ಟು ತೂತು. ತೂತಿನ ಸುತ್ತ ನೂಲು ಕರಗಿ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿತ್ತು.

ಆಗ ಗೊತ್ತಾಯಿತು, ಅದು ಉಣ್ಣೆಯಲ್ಲ, ಅಕ್ರಿಲಿಕ್ ಅನ್ನುವ ಕೃತಕ ನೂಲು. ಪರೀಕ್ಷೆ ಸುಲಭ. ಒಂದು ಬೆರಳುದ್ದ ನೂಲನ್ನು ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನೀರು ಪಕ್ಕಕ್ಕಿಟ್ಟುಕೊಂಡು ತುದಿ ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ಈಚೆ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಕೆಟ್ಟದ್ದೆಂದು ಹೇಳುತ್ತಿಲ್ಲ. ಅಗ್ಗ, ಮೆತ್ತಗೆ, ಒಗೆಯುವುದೂ ಸಲೀಸು. ಆದರೆ ಬೆಂಕಿ ಮುಂದೆ ಕೂರುವವರ ತಲೆಗೆ ಬೇಡ.

ಎರಡನೇ ಸಲಕ್ಕೆ ನಮ್ಮ ಸೀಮೆಯದೇ ಉಣ್ಣೆ ಯಾಕಾಗಬಾರದು ಅನ್ನಿಸಿತು. ಚಳ್ಳಕೆರೆ ಅಂದರೆ ಕಂಬಳಿ ತಾನೇ. ಪರಿಚಯದ ಕಂಬಳಿ ನೇಯುವವರಿಂದ ಕೈನೂಲು ತಂದು ಅಂಗೈಯಗಲ ಹೆಣೆದು ಕುತ್ತಿಗೆಗೆ ಒತ್ತಿಕೊಂಡೆ. ಅಬ್ಬಾ, ನೆಗ್ಗಿಲ ಮುಳ್ಳು! ಹೊರಗಿನ ಗಾಳಿ ಮಳೆ ತಡೆಯಲು ಆ ಒರಟುತನವೇ ಬೇಕು. ಹುಣಸೆ ಬೀಜದ ಸರಿ ಹಚ್ಚಿ ಇನ್ನೂ ಬಿರುಸು ಮಾಡಿದ ಕಂಬಳಿಯಲ್ಲಿ ಅಪ್ಪ ಇಡೀ ಮಳೆಗಾಲ ಕಳೆದದ್ದು ನೋಡಿದ್ದೇನೆ. ಕೆನ್ನೆಗೆ ಮಾತ್ರ ಅದು ಆಗದು. ಕೊನೆಗೆ ಮೆತ್ತನೆಯ ಉಣ್ಣೆಯ ನೂಲನ್ನು ಆನ್‌ಲೈನಿನಲ್ಲಿ ತರಿಸಿದೆ, 150 ಗ್ರಾಂ. ಬಂದ ಕೂಡಲೇ ಮೊದಲು ಮಾಡಿದ್ದು ಸುಡುವ ಪರೀಕ್ಷೆ.

ಅಳತೆಯ ದಾರಿ ತೋರಿಸಿದ್ದೂ ಅಪ್ಪನ ಆ ಕಂಬಳಿಯೇ. ಅಪ್ಪ ಕಂಬಳಿ ಕೊಪ್ಪೆ ಹಾಕುತ್ತಿದ್ದದ್ದು ಹೇಗೆ? ಉದ್ದನೆಯ ಕಂಬಳಿಯನ್ನು ಮಡಚಿ, ಒಂದು ಬದಿ ಸೇರಿಸಿ ತಲೆ ಮೇಲೆ ಏರಿಸಿಕೊಂಡರೆ ಮುಗಿಯಿತು. ಹೆಣಿಗೆಯ ಟೊಪ್ಪಿಗೂ ಅಷ್ಟೇ ಸಾಕು: ಒಂದು ಉದ್ದ ಪಟ್ಟಿ, ನಡುವೆ ಮಡಿಕೆ, ಹಿಂದೆ ಒಂದು ಹೊಲಿಗೆ. ಅವ್ವನನ್ನು ಮಣೆ ಮೇಲೆ ಕೂರಿಸಿ, ತುರುಬು ಕಟ್ಟಿಸಿ, ಟವೆಲನ್ನು ಕೊಪ್ಪೆ ಮಾಡಿ ಹೊದಿಸಿ, ಪಿನ್ ಚುಚ್ಚಿ ಟೇಪ್ ಹಿಡಿದೆ. ಒಂದು ಹೆಗಲಿನ ಬುಡದಿಂದ ನೆತ್ತಿ ದಾಟಿ ಇನ್ನೊಂದು ಹೆಗಲಿಗೆ 27 ಇಂಚು. ಹಣೆಯಿಂದ ತುರುಬಿನ ಹಿಂಬದಿಗೆ 11 ಇಂಚು. ನನ್ನ ತಲೆಗೆ ಇದೇ ಅಳತೆ ಒಂಬತ್ತೂವರೆ. ಮೊದಲನೆಯದು ಕೆಟ್ಟದ್ದು ಈ ಒಂದೂವರೆ ಇಂಚಿಗೇ.

8 ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರಿನದು. ನಾಲ್ಕಿಂಚು ಚೌಕ ಹೆಣೆದು ಎಣಿಸಿದರೆ ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 30 ಸಾಲು. ಇಂಚಿಗೆ ಐದೂವರೆ ಕುಣಿಕೆ. ಹನ್ನೊಂದು ಇಂಚಿಗೆ 60 ಹಾಕಿದೆ. ನನ್ನ ಕೈ ಬಿಗಿ. ನಿಮ್ಮ ಕೈ ಸಡಿಲವಾಗಿದ್ದರೆ ಇದೇ ಸಂಖ್ಯೆ ಹಾಕಬೇಡಿ, ನಿಮ್ಮ ಚೌಕವನ್ನೇ ಎಣಿಸಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಮುಖದ ಕಡೆಯ ಆರು ಕುಣಿಕೆಯನ್ನು ಮಾತ್ರ ಎರಡೂ ಸಾಲಿನಲ್ಲಿ ಸೀದಾ ಹೆಣೆದೆ. ಇಲ್ಲದಿದ್ದರೆ ಅಂಚು ಒಣಗಿದ ವೀಳ್ಯದೆಲೆಯ ಹಾಗೆ ಸುರುಳಿ ಸುತ್ತುತ್ತದೆ. ಹೀಗೆ 27 ಇಂಚು ಆಗುವವರೆಗೆ, ಸುಮಾರು 200 ಸಾಲು. ಬೇಸರದ ಕೆಲಸ. ಧಾರಾವಾಹಿ ನೋಡುತ್ತಾ ಹೆಣೆದೆ. ನಡುವೆ ಕರೆಂಟು ಹೋಗಿ ಒಂದು ಕುಣಿಕೆ ಜಾರಿ ಏಳು ಸಾಲು ಕೆಳಗಿಳಿದಿತ್ತು. ಬಿಚ್ಚದೆ, ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಹತ್ತಿಸಿದ ಹಾಗೆ ಒಂದೊಂದೇ ಸಾಲು ಮೇಲೆ ತಂದೆ.

ಪಟ್ಟಿಯನ್ನು ನಡುವೆ ಮಡಚಿ ಹಿಂಬದಿ ಹೊಲಿದೆ. ಅದೇ ಕೋಡು ಮತ್ತೆ ಮೂಡಿತು. ಈ ಸಲ ಒಳಗು ಹೊರಗು ಮಾಡಿ, ಮೂಲೆಯಿಂದ ಎರಡು ಇಂಚು ಈಚೆಗೆ ಅಡ್ಡ ಹೊಲಿಗೆ ಹಾಕಿ, ಆ ತ್ರಿಕೋನವನ್ನು ಒಳಗೇ ಮಡಚಿ ಬಿಗಿದೆ. ನೆತ್ತಿ ದುಂಡಗಾಯಿತು.

ಕುತ್ತಿಗೆಗೆ ಕೆಳಗಿನ ಎರಡೂ ಅಂಚಿನಿಂದ 120 ಕುಣಿಕೆ ಎತ್ತಿಕೊಂಡೆ. ಎರಡು ಹೆಣೆದು ಮುಂದಿನ ಎರಡನ್ನು ಜೋಡಿಸುತ್ತಾ ಹೋದರೆ 90 ಉಳಿಯುತ್ತದೆ. ಅದರ ಮೇಲೆ ಎರಡು ಸೀದಾ, ಎರಡು ಉಲ್ಟಾ, ಮೂರು ಇಂಚು ಪಟ್ಟಿ. ಸುತ್ತಲೂ ಮುಚ್ಚಿಬಿಟ್ಟರೆ ಮತ್ತೆ ಮಂಕಿ ಕ್ಯಾಪಿನ ಕಥೆಯೇ. ಮುಂದೆ ತೆರೆದು ಬಿಟ್ಟು, ಎರಡು ಗುಂಡಿ ಇಟ್ಟೆ. ದೊಡ್ಡ ಗುಂಡಿ, ಮರಗಟ್ಟಿದ ಬೆರಳಿಗೂ ಸಿಗುವಂಥದ್ದು. ಹಣೆಗೆ ತಾಗುವ ಅಂಚಿನ ಒಳಗೆ ಅವಳದೇ ಹಳೇ ಹತ್ತಿ ಸೀರೆಯ ಪಟ್ಟಿ ಹೊಲಿದೆ. ಅಷ್ಟೂ ಸೇರಿ 100 ಗ್ರಾಂ ನೂಲೂ ಮುಗಿಯಲಿಲ್ಲ.

ಒಗೆಯುವ ಕೆಲಸವನ್ನು ಮಾತ್ರ ನನ್ನ ಕೈಲೇ ಇಟ್ಟುಕೊಂಡಿದ್ದೇನೆ. ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಲ್ಲಿ ಹಾಕಿ ತಿಕ್ಕಿದರೆ ಒಂದಕ್ಕೊಂದು ಸಿಕ್ಕಿಕೊಂಡು ಕುಗ್ಗುತ್ತವೆ, ಮತ್ತೆ ಹಿಗ್ಗುವುದಿಲ್ಲ. ಅವ್ವನಿಗೆ ಕೊಟ್ಟರೆ ಹಂಡೆ ನೀರು, ಒಗೆಯೋ ಕಲ್ಲು! ತಣ್ಣೀರಲ್ಲಿ ಒಂದಿಷ್ಟು ಶಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಂಚದ ಮೇಲೆ ಹರಡುತ್ತೇನೆ. ಹಗ್ಗಕ್ಕೆ ಹಾಕಿದರೆ ಜೋತುಬಿದ್ದು ಉದ್ದವಾಗುತ್ತದೆ.

ಹಾಕಿಕೊಂಡ ಮೊದಲ ದಿನ ಕನ್ನಡಿ ಮುಂದೆ ನಿಂತು, “ನಿಮ್ಮಪ್ಪನ ಕೊಪ್ಪೆ ಇದ್ದಂಗೇ ಐತಲ್ಲೇ” ಅಂದಳು. ಒಂದೇ ತಕರಾರು, ಹಾಲಿನವನು ಕೂಗಿದ್ದು ಕೇಳಿಸುವುದಿಲ್ಲವಂತೆ. ಈಗ ಚಿಕ್ಕವ್ವನಿಗೂ ಒಂದು ಬೇಕಂತೆ. ಅವಳದು ತುರುಬಲ್ಲ, ತೆಳ್ಳನೆ ಜಡೆ. ಹತ್ತು ಇಂಚು ಸಾಕಾದೀತು. ಭಾನುವಾರ ಟವೆಲ್, ಟೇಪ್ ಹಿಡಿದು ಹೋಗಬೇಕು.